ಕರೆಂಟು ವಾಪಸು ಹೋಗುವ ದಾರಿ

ಅಕ್ಕನ ಕಾರಿಗೆ ಒಂದೇ ವರ್ಷದಲ್ಲಿ ಮೂರನೆಯ ಸಲ ಕ್ಲಚ್ ಕೇಬಲ್ ಹಾಕಿಸಿದ ದಿನ ಮನೆಯಲ್ಲಿ ಊಟದ ಮೇಜಿನ ಸುತ್ತ ಅದೇ ಮಾತಾಯಿತು.

ಅಕ್ಕ ದನದ ಡಾಕ್ಟರು. ಪೇಟೆಯ ಹೊರಗಿನ ಡೇರಿಗಳು, ಕುರಿದೊಡ್ಡಿಗಳು, ಒಂದೆರಡು ಕುದುರೆ ಲಾಯಗಳು ಅವಳನ್ನೇ ನಂಬಿಕೊಂಡಿದ್ದವು. ಅವಳು ನಂಬಿಕೊಂಡಿದ್ದು ಹತ್ತೊಂಬತ್ತು ವರ್ಷದ ಆ ಕಾರನ್ನು. ಒಂದು ಕಾಲಕ್ಕೆ ಅದಕ್ಕೆ ನೀಲಿ ಬಣ್ಣವಿತ್ತೆಂದು ಬಾಗಿಲು ತೆರೆದು ಅಂಚು ನೋಡಿದರೆ ಮಾತ್ರ ತಿಳಿಯುತ್ತಿತ್ತು. ಒಳಗೆ ಕೂತರೆ ಅಯೋಡಿನ್, ಒಣಹುಲ್ಲು, ಒದ್ದೆ ನಾಯಿ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಅಡರುತ್ತಿತ್ತು.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ತೊಂದರೆಯೆಲ್ಲ ಕರೆಂಟಿನದು. ಒಂದು ದಿನ ಬೀಗದ ಕೈ ಮುಟ್ಟಿದರೆ ಸಾಕು, ಗುರ್ ಎಂದು ಎದ್ದು ನಿಲ್ಲುತ್ತಿತ್ತು. ಮರುದಿನ 'ಟಕ್' ಎಂದು ಒಂದೇ ಸದ್ದು ಮಾಡಿ ಮುಷ್ಕರ ಹೂಡುತ್ತಿತ್ತು. ಕೆಲವು ದಿನ ಬೆಳಗ್ಗೆ ಬ್ಯಾಟರಿ ಪೂರ್ತಿ ಖಾಲಿ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕಾರಣವಿಲ್ಲದೆ ಮೇಲೇರಿ ಅಕ್ಕನ ಎದೆಬಡಿತವನ್ನೂ ಏರಿಸುತ್ತಿತ್ತು.

ಗ್ಯಾರೇಜಿನ ಯಜಮಾನ ಒಳ್ಳೆಯವನೇ. ಕರೆದಾಗ ಬರುತ್ತಿದ್ದ, ಕೈಕೆಲಸ ಅಚ್ಚುಕಟ್ಟು. ಆದರೆ ಅವನ ಬಳಿ ಇದ್ದದ್ದು ಒಂದೇ ಔಷಧಿ: "ಹೊಸದು ಹಾಕೋಣ ಡಾಕ್ಟ್ರಮ್ಮ." ಭಾವ ಅವನಿಗೆ ಹೊಸದಪ್ಪ ಎಂದು ಹೆಸರಿಟ್ಟಿದ್ದರು. ಭಾವ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವರು. ಇಡೀ ದಿನ ಬೇರೆಯವರ ತಪ್ಪು ಹುಡುಕಿ ನಾಲಿಗೆ ಹರಿತವಾಗಿತ್ತು.

"ಬ್ಯಾಟರಿ ಎರಡು ಸಲ ಹೊಸದು. ಡೈನಮೋ ಹೊಸದು. ಸ್ಟಾರ್ಟರ್ ಹೊಸದು. ಕ್ಲಚ್ ಕೇಬಲ್ ಮೂರು ಹೊಸದು," ಎಂದು ಭಾವ ಬೆರಳು ಮಡಚಿದರು. "ಆ ಗಾಡಿಯಲ್ಲಿ ಈಗ ಹಳೇದು ಅಂತ ಉಳಿದಿರೋದು ನಿನ್ನಕ್ಕ ಒಬ್ಬಳೇ ನೋಡಮ್ಮ."

"ನೀವು ಪಕ್ಕದ ಸೀಟಲ್ಲಿ ಕೂತಾಗ ಇಬ್ಬರಾಗ್ತೀವಿ," ಎಂದಳು ಅಕ್ಕ.

ಅವರ ಮಾತನ್ನು ಕೇಳುತ್ತ ಕೂತಿದ್ದವಳು ತಂಗಿ. ಮೂವತ್ತೊಂದು ವರ್ಷ ದೂರವಾಣಿ ಕಚೇರಿಯ ದೋಷ ಹುಡುಕುವ ವಿಭಾಗದಲ್ಲಿ ದುಡಿದು, ಎರಡು ತಿಂಗಳ ಹಿಂದಷ್ಟೇ ನಿವೃತ್ತಳಾಗಿ ಅಕ್ಕನ ಮನೆಯ ಮಹಡಿಯ ಕೋಣೆಗೆ ಬಂದಿದ್ದಳು. ನೆಲದಡಿಯ ಕೇಬಲ್ಲಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಹೊಕ್ಕರೆ ಇಡೀ ಬಡಾವಣೆಯ ಫೋನುಗಳು ಗೊರಗೊರ ಎನ್ನುತ್ತಿದ್ದ ಕಾಲ ಅದು. ಅವಳು ಕಚೇರಿಯಲ್ಲೇ ಕೂತು ಅಳತೆ ಮಾಡಿ, "ಇಲ್ಲಿಂದ ಎಂಟುನೂರ ನಲವತ್ತು ಮೀಟರು, ಅಗೀರಿ," ಎನ್ನುತ್ತಿದ್ದಳು. ಅಗೆದರೆ ತೂತು ಅಲ್ಲೇ ಇರುತ್ತಿತ್ತು. ಹತ್ತಿಪ್ಪತ್ತು ಹೆಜ್ಜೆ ಆಚೀಚೆ ಆದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಕಾರು ಓಡಿಸಲು ಮಾತ್ರ ಬರುತ್ತಿರಲಿಲ್ಲ. ಕ್ಲಚ್ಚನ್ನು ಯಾವ ಕಾಲಿನಲ್ಲಿ ಒತ್ತುತ್ತಾರೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

"ನಾನೊಂದ್ಸಲ ನೋಡ್ಲಾ ಅಕ್ಕ?"

"ಬೇಡಮ್ಮ ತಾಯಿ. ಅದು ಫೋನಲ್ಲ, ಕಾರು."

"ಇಬ್ಬರ ಹೊಟ್ಟೇಲೂ ಇರೋದು ತಂತೀನೇ."

"ಅಪ್ಪನ ರೇಡಿಯೋ ಬಿಚ್ಚಿ ಹರಡಿಟ್ಟು ಹಾಗೇ ಮಲಗಿದೋಳು ನೀನು."

"ಆಗ ನನಗೆ ಒಂಬತ್ತು ವರ್ಷ ಕಣೆ! ಈಗ ಐವತ್ತೆಂಟು. ಇನ್ನೂ ಎಷ್ಟು ದಿನ ಅದನ್ನೇ ಹಿಡ್ಕೊಂಡು ಜಗ್ತೀಯ?"

ಭಾವ ಕನ್ನಡಕ ಹಣೆಗೇರಿಸಿ ತೀರ್ಪು ಕೊಟ್ಟರು. "ನೋಡಲಿ ಬಿಡು. ಹೊಸದಪ್ಪನಿಗಿಂತ ಹೆಚ್ಚಾಗಿ ಏನು ಕೆಡಿಸ್ತಾಳೆ?"

ಭಾನುವಾರ ಮಧ್ಯಾಹ್ನ ತಂಗಿ ತನ್ನ ಮೀಟರು ಹಿಡಿದು ಅಂಗಳಕ್ಕಿಳಿದಳು. ಹಳದಿ ಡಬ್ಬಿಯ, ಮೂಲೆ ಒಡೆದು ಕಪ್ಪು ಟೇಪು ಸುತ್ತಿದ್ದ ಹಳೆಯ ಮೀಟರದು. ಕಚೇರಿ ಬಿಡುವಾಗ ಅವಳು ಕೇಳಿ ಪಡೆದಿದ್ದ ಒಂದೇ ವಸ್ತು. ಮೊದಲು ಬ್ಯಾಟರಿ ರಾತ್ರಿಯಿಡೀ ಯಾಕೆ ಸೋರುತ್ತದೆಂದು ನೋಡಹೊರಟಳು. ಬ್ಯಾಟರಿಯ ಒಂದು ತಂತಿ ಕಳಚಿ, ನಡುವೆ ಮೀಟರು ಇಟ್ಟಳು. ಬೀಗದ ಕೈ ಅಕ್ಕನ ಸೊಂಟದಲ್ಲಿ, ಎಲ್ಲ ದೀಪವೂ ಆರಿದೆ, ಆದರೂ ಕರೆಂಟು ಹರಿಯುತ್ತಿತ್ತು.

"ಯಾರೋ ಕದ್ದು ಕುಡೀತಿದ್ದಾರೆ," ಎಂದು ಒಂದೊಂದೇ ಫ್ಯೂಸು ಕೀಳುತ್ತ ಬಂದಳು. ಏಳನೆಯದನ್ನು ಕೀಳುತ್ತಲೇ ಮೀಟರಿನ ಅಂಕಿ ಹೆಚ್ಚುಕಡಿಮೆ ಸೊನ್ನೆಗಿಳಿಯಿತು. ಮುಚ್ಚಳದ ಮೇಲಿನ ಚೀಟಿಯಲ್ಲಿ ಆ ಫ್ಯೂಸಿನ ಎದುರು ಗಡಿಯಾರ, ಒಳಗಿನ ದೀಪ, ಡಿಕ್ಕಿಯ ದೀಪ ಎಂದಿತ್ತು. ಗಡಿಯಾರ ನಿಂತು ಯಾವ ಕಾಲವಾಯಿತೋ. ಒಳಗಿನ ದೀಪ ಆರಿದ್ದು ಕಣ್ಣಿಗೇ ಕಾಣುತ್ತಿತ್ತು.

"ಡಿಕ್ಕಿ ಮುಚ್ಚಿದ ಮೇಲೆ ಆ ದೀಪ ಆರುತ್ತೆ ಅಂತ ಏನು ಗ್ಯಾರಂಟಿ? ಯಾರಾದ್ರೂ ಒಳಗೆ ಹೋಗಿ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಫ್ಯೂಸು ವಾಪಸು ಸಿಕ್ಕಿಸಿ, ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಂಗಿ ಹಗ್ಗ, ಬೂಟು, ಜಂಪರ್ ಕೇಬಲ್, ಔಷಧಿ ಪೆಟ್ಟಿಗೆಗಳನ್ನೆಲ್ಲ ಹೊರಗಿಟ್ಟು ಡಿಕ್ಕಿಯೊಳಗೆ ಮುದುಡಿ ಮಲಗಿದಳು. "ಹಾಕು ಮುಚ್ಚಳ!"

ಅಕ್ಕ ಮುಚ್ಚಿದಳು. ಅದೇ ಹೊತ್ತಿಗೆ ಎದುರುಮನೆಯವರು ನಾಯಿ ಹಿಡಿದುಕೊಂಡು ಹೊರಟಿದ್ದರು. ಡಿಕ್ಕಿಯೊಳಗಿಂದ, "ಉರೀತಿದೆ ಅಕ್ಕ! ಪೇಪರ್ ಓದಬಹುದು ಇಲ್ಲಿ!" ಎಂಬ ಕೂಗು ಕೇಳಿ ಅವರು ನಿಂತರು. ಅಕ್ಕ ಅವರನ್ನು ನೋಡಿ ನಕ್ಕಳು. ಅವರು ನಗಲಿಲ್ಲ. ಭಾವ ಮೆಟ್ಟಿಲ ಮೇಲಿಂದ, "ಫೋನಿಟ್ಟು ವಿಡಿಯೋ ಮಾಡಬಹುದಿತ್ತು," ಎಂದು ಸಾವಕಾಶವಾಗಿ ಹೇಳಿದರು.

ದೀಪ ಆರಿಸಬೇಕಾದ ತಗಡಿನ ನಾಲಿಗೆ ಬಾಗಿಹೋಗಿತ್ತು. ತಂಗಿ ಇಕ್ಕಳದಿಂದ ಅದನ್ನು ನೆಟ್ಟಗೆ ಮಾಡಿದಳು, ಅಷ್ಟೆ. ಸೋಮವಾರ, ಮಂಗಳವಾರ, ಬುಧವಾರ ಬೆಳಗ್ಗೆ ಬ್ಯಾಟರಿ ತುಂಬಿಕೊಂಡೇ ಇತ್ತು. ಅಕ್ಕ ಬಾಯಿಬಿಟ್ಟು ಹೊಗಳಲಿಲ್ಲ. ಆದರೆ ಮಂಗಳವಾರ ಊಟಕ್ಕೆ ಕೂತಾಗ ತಂಗಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಿತ್ತು.

ಬುಧವಾರ ಸಂಜೆ ಒಂದು ಕುರಿದೊಡ್ಡಿಯ ಮುಂದೆ ಕಾರು ಮತ್ತೆ 'ಟಕ್' ಎಂದಿತು. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿಸಿದರು. ಅಕ್ಕ ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಬಂದು, ಹಳೆ ಗಾಡಿ ಕೊಳ್ಳುವವನಿಗೆ ಫೋನು ಮಾಡಿ ಶನಿವಾರ ಬಂದು ಒಯ್ಯಲು ಹೇಳಿದಳು.

"ಬ್ಯಾಟರಿ ಚೆನ್ನಾಗಿದ್ದೂ ಏಳಲಿಲ್ಲ ಅಂದ್ರೆ ಇದು ಬೇರೆ ದೋಷ ಅಕ್ಕ. ಎರಡಿದ್ದವು. ಒಂದು ಹೋಯ್ತು."

"ಇನ್ನೊಂದು ಶನಿವಾರ ಗಾಡಿ ಜೊತೆಗೇ ಹೋಗುತ್ತೆ," ಎಂದಳು ಅಕ್ಕ. "ದಾರಿ ಮಧ್ಯ ನಿಂತ್ರೆ ಅಲ್ಲಿ ಒಂದು ಜೀವ ಹೋಗುತ್ತೆ ಕಣೆ. ನನಗೆ ಆಟ ಆಡೋಕೆ ಟೈಮಿಲ್ಲ."

ಶನಿವಾರಕ್ಕೆ ಇನ್ನೂ ಎರಡು ದಿನ ಇದೆ ಎಂದಷ್ಟೇ ಲೆಕ್ಕ ಹಾಕಿ ತಂಗಿ ಮಹಡಿ ಹತ್ತಿದಳು.

ಗುರುವಾರ ಬೆಳಗ್ಗೆ ಏಳಕ್ಕೆ ಡೇರಿಯಿಂದ ಕರೆ ಬಂತು. ಮೊದಲ ಸಲ ಕರು ಹಾಕುತ್ತಿರುವ ಹಸು, ನೋವು ಶುರುವಾಗಿ ಬಹಳ ಹೊತ್ತಾಗಿದೆ, ಕರುವಿನ ಒಂದೇ ಕಾಲು ಹೊರಗೆ ಬಂದಿದೆ. ಅಕ್ಕನ ಕಾಂಪೌಂಡರು ರಜೆಯಲ್ಲಿದ್ದ. "ಬಾ, ಚೀಲ ಹಿಡ್ಕೊಳೋಕಾದ್ರೂ ಆಗ್ತೀಯ," ಎಂದಳು ಅಕ್ಕ. ತಂಗಿ ಚೀಲದ ಜೊತೆ ಮೀಟರನ್ನೂ ಹಿಡಿದುಕೊಂಡಳು. ಕಾರು ಮೂರನೆಯ ಪ್ರಯತ್ನಕ್ಕೆ ಎದ್ದಿತು.

ಹೊರಗೆ ದಟ್ಟ ಮಂಜು. ಅಕ್ಕ ಹೆಡ್‌ಲೈಟು ಹಾಕಿದಳು. ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹಾರಿತು.

"ನೋಡು, ಈಗ ತಾನೆ ಹೊರಟಿದ್ದೀವಿ, ಆಗಲೇ ಕಾದುಬಿಡ್ತು."

"ಒಂದ್ಸಲ ಲೈಟು ಆರಿಸು."

"ಮಂಜಲ್ಲಿ?"

"ಒಂದೇ ಸೆಕೆಂಡು."

ಅಕ್ಕ ಗೊಣಗುತ್ತ ಆರಿಸಿದಳು. ಮುಳ್ಳು ಕೆಳಗೆ ಬಿತ್ತು. ಹಾಕಿದಳು, ಏರಿತು.

"ನೀರು ಇಷ್ಟು ಬೇಗ ಕಾಯಲ್ಲ, ಇಷ್ಟು ಬೇಗ ಆರೋದೂ ಇಲ್ಲ," ಎಂದಳು ತಂಗಿ. "ಎಂಜಿನ್ ತಣ್ಣಗೇ ಇದೆ. ಮುಳ್ಳು ಸುಳ್ಳು ಹೇಳ್ತಿದೆ. ಲೈಟಿನ ಮಾತು ಮುಳ್ಳಿನ ಕಿವಿಗೆ ಬೀಳ್ತಿದೆ. ಇಬ್ಬರಿಗೂ ಹೋಗೋ ದಾರಿ ಬೇರೆ, ವಾಪಸು ಬರೋ ದಾರಿ ಒಂದೇ. ಆ ದಾರಿ ಎಲ್ಲೋ ಕಟ್ಟಿಕೊಂಡಿದೆ."

"ನಿನ್ನ ಭಾಷೆ ನನಗೆ ಅರ್ಥ ಆಗಲ್ಲ."

"ಮೊದಲೆಲ್ಲ ಫೋನಲ್ಲಿ ಬೇರೆ ಯಾರದೋ ಸಂಸಾರದ ಜಗಳ ಕೇಳಿಸ್ತಿರಲಿಲ್ವಾ? ಹಾಗೆ."

ಅಕ್ಕ ಏನೋ ಹೇಳುವುದರಲ್ಲಿದ್ದಳು, ಮುಂದೆ ರೈಲ್ವೆ ಗೇಟು ಬಿದ್ದಿತು. ರೂಢಿಯಂತೆ ಅವಳ ಕೈ ಎಂಜಿನ್ ಆರಿಸಿಬಿಟ್ಟಿತು. ಆರಿಸಿದ ಮರುಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು.

ರೈಲು ಹೋಯಿತು. ಗೇಟು ಎದ್ದಿತು. ಕಾರು ಏಳಲಿಲ್ಲ.

ಹಿಂದಿನ ವಾಹನಗಳು ಹಾರ್ನ್ ಬಾರಿಸತೊಡಗಿದವು. ಇಬ್ಬರು ಇಳಿದುಬಂದು ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟು ತಮ್ಮ ದಾರಿ ಹಿಡಿದರು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಮುಂದೆ ಹಳಿಯ ಏರು, ಹಿಂದೆ ಚರಂಡಿ. ಅಕ್ಕ ಗ್ಯಾರೇಜಿಗೆ ಫೋನು ಮಾಡಿದಳು. "ಒಂದು ಗಂಟೆ ಬೇಕು ಡಾಕ್ಟ್ರಮ್ಮ. ಸ್ಟಾರ್ಟರೇ ಹೋಗಿರಬೇಕು, ಹೊಸದು ತರ್ತೀನಿ," ಎಂದ ಹೊಸದಪ್ಪ. ಬಾಡಿಗೆ ಗಾಡಿಯವರು ಈ ಮಂಜಿನಲ್ಲಿ ಮುಕ್ಕಾಲು ಗಂಟೆ ಎಂದರು. ಅಷ್ಟರಲ್ಲಿ ಡೇರಿಯಿಂದ ಮತ್ತೆ ಫೋನು. "ಬರ್ತಿದ್ದೀನಿ, ಯಾರೂ ಎಳೀಬೇಡಿ," ಎಂದಳು ಅಕ್ಕ. ಅವಳ ದನಿ ಗಟ್ಟಿಯಾಗಿಯೇ ಇತ್ತು. ಫೋನು ಇಟ್ಟವಳೇ ಗಡಿಯಾರ ನೋಡಿಕೊಂಡಳು.

"ಅಕ್ಕ, ಹದಿನೈದು ನಿಮಿಷ ಕೊಡು. ಒಳಗೆ ಕೂತು ನಾನು ಹೇಳಿದಾಗ ಬೀಗದ ಕೈ ತಿರುಗಿಸು."

ತಂಗಿ ಬಾನೆಟ್ ಎತ್ತಿದಳು. ಕಚೇರಿಯ ದಿನಗಳಲ್ಲಿ ಅಧಿಕಾರಿಗಳು ಬೆನ್ನ ಹಿಂದೆ ನಿಂತು ಅವಸರ ಮಾಡುತ್ತಿದ್ದಾಗ ಅವಳ ಕೈ ಇನ್ನೂ ನಿಧಾನವಾಗುತ್ತಿತ್ತಂತೆ. ಈಗಲೂ ಹಾಗೆಯೇ ಆಯಿತು. ಮೊದಲು ಮೀಟರಿನ ಎರಡು ಕಡ್ಡಿಗಳನ್ನೂ ಬ್ಯಾಟರಿಯ ಎರಡು ತಲೆಗಳ ಮೇಲಿಟ್ಟು, "ತಿರುಗಿಸು," ಎಂದಳು. ಟಕ್. ಮೀಟರಿನ ಅಂಕಿ ಒಂದಿಷ್ಟೇ ಅಲುಗಿತು.

"ಬ್ಯಾಟರಿ ಗಟ್ಟಿಮುಟ್ಟಾಗಿದೆ. ಸ್ಟಾರ್ಟರ್ ಹಿಡ್ಕೊಂಡಿದ್ರೆ ಇದನ್ನ ಹಿಂಡಿ ಹಾಕ್ತಿತ್ತು. ಕೇಳೋರೂ ಇದ್ದಾರೆ, ಕೊಡೋರೂ ಇದ್ದಾರೆ. ಮಧ್ಯೆ ಕೈಗೆ ಕೈ ಸಿಗ್ತಿಲ್ಲ."

ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ತಲೆಯ ಮೇಲೂ ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣದ ಮೇಲೂ ಒತ್ತಿಹಿಡಿದಳು. ಇವರಿಬ್ಬರೂ ಒಂದೇ ಮನೆಯವರು. ನಡುವೆ ಅಂಕಿ ಏಳಲೇಬಾರದು. "ತಿರುಗಿಸು. ಬಿಡಬೇಡ, ಹಿಡಿದಿರು."

ಮೀಟರು ಏಳು ವೋಲ್ಟು ತೋರಿಸಿತು.

"ಅಬ್ಬ!" ಎಂದಳು ತಂಗಿ. ಅವಳ ಮುಖವೆಲ್ಲ ಅರಳಿತ್ತು.

"ಏನೋ ಸುಟ್ಟ ವಾಸನೆ ಕಣೆ! ಕಾಲ ಹತ್ತಿರ!" ಅಕ್ಕ ಒಳಗಿಂದ ಕಿರುಚಿದಳು.

"ಬಿಡು, ಬಿಡು! ಕಾಲ ಹತ್ತಿರ ಏನಿದೆ?"

"ಕ್ಲಚ್ಚು. ಅದರ ಕೇಬಲ್ಲು."

"ಅದು ಎಲ್ಲಿಗೆ ಹೋಗುತ್ತೆ? ನನಗೆ ತೋರಿಸು."

ಅಕ್ಕ ಇಳಿದು ಬಂದು ಬೆರಳು ಮಾಡಿ ತೋರಿಸಿದಳು. ಬೆರಳು ದಪ್ಪದ ಕೇಬಲ್ಲು ಕಾರಿನ ಮೈಯಿಂದ ಹೊರಟು ಎಂಜಿನ್ನಿಗೆ ಸೇರಿತ್ತು. ಹಾಕಿಸಿ ವಾರವಾಗಿರಲಿಲ್ಲ, ಆಗಲೇ ಅದರ ಕವಚ ಕಪ್ಪಾಗಿ ಮೆತ್ತಗಾಗಿತ್ತು. ತಂಗಿ ಮುಟ್ಟಿ ಚಟಕ್ಕನೆ ಕೈ ತೆಗೆದಳು. ಕಾದ ಬಾಣಲೆಯಂತಿತ್ತು.

ಅವಳು ಕೇಬಲ್ಲಿನ ಎರಡೂ ತುದಿಗಳತ್ತ ಬಗ್ಗಿ ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

"ಅಕ್ಕ, ನಿನ್ನ ಮೂರು ಕ್ಲಚ್ ಕೇಬಲ್ ಯಾಕೆ ಹೋಯ್ತು ಗೊತ್ತಾ? ಎಂಜಿನ್ನಿಂದ ಕಾರಿನ ಮೈಗೆ ಒಂದು ದಪ್ಪ ಅರ್ಥಿಂಗ್ ಪಟ್ಟಿ ಇರಬೇಕು. ಕರೆಂಟು ವಾಪಸು ಹೋಗೋ ದಾರಿ ಅದೇ. ಅದು ಸತ್ತಿದೆ. ಸ್ಟಾರ್ಟರಿನ ಕರೆಂಟೆಲ್ಲ ಬೇರೆ ದಾರಿ ಕಾಣದೆ ಈ ಪಾಪದ ಕೇಬಲ್ಲಿನ ಮೇಲೆ ನಡ್ಕೊಂಡು ಹೋಗ್ತಿದೆ. ಅದು ಬೇಯದೆ ಏನು ಮಾಡುತ್ತೆ?"

"ಅದೆಲ್ಲ ಆಮೇಲೆ. ಈಗ ಏನು ಮಾಡೋದು?"

"ಡಿಕ್ಕೀಲಿ ಜಂಪರ್ ಕೇಬಲ್ ಇದ್ಯಲ್ಲ, ಕೊಡು."

"ಅದು ಬೇರೆ ಗಾಡಿ ಬ್ಯಾಟರಿಯಿಂದ ಕರೆಂಟು ತರೋ ತಂತಿ. ಯಾವ ಗಾಡಿಗೆ ಹಾಕ್ತೀಯ? ಇಲ್ಲಿ ನಾವಿಬ್ಬರೇ ಇರೋದು."

"ಯಾರದೂ ಬೇಡ. ಇವನಿಗೆ ಇವನದೇ ಸಾಕು."

ಜಂಪರ್ ಕೇಬಲ್ಲಿನ ಕಪ್ಪು ತಂತಿಯ ಒಂದು ಹಲ್ಲನ್ನು ಬ್ಯಾಟರಿಯ ಕಪ್ಪು ತಲೆಗೆ ಕಚ್ಚಿಸಿದಳು. ಇನ್ನೊಂದನ್ನು ಎಂಜಿನ್ ಎತ್ತಲು ಇರುವ ಕಬ್ಬಿಣದ ಕೊಕ್ಕೆಗೆ ಹಾಕಿ, ತುಕ್ಕು ಕೆರೆದು ಲೋಹ ಕಾಣುವಂತೆ ನಾಲ್ಕು ಸಲ ತಿರುಚಿದಳು. "ಈಗ ತಿರುಗಿಸು ಮಹರಾಯ್ತಿ."

ಕಾರು ಒಂದೇ ಗುಕ್ಕಿಗೆ ಎದ್ದಿತು. ಅಷ್ಟು ಚುರುಕಾಗಿ ಅದು ಎದ್ದು ಎಷ್ಟೋ ವರ್ಷಗಳಾಗಿದ್ದವು. ಅಕ್ಕ ಗಾಬರಿಯಿಂದ ಕೈ ಹಿಂದೆಗೆದುಕೊಂಡಳು.

ತಂತಿ ಫ್ಯಾನಿಗೆ ಸಿಕ್ಕದಂತೆ ತಂಗಿ ಅದನ್ನು ಅಕ್ಕನ ಬ್ಯಾಂಡೇಜು ಬಟ್ಟೆಯಿಂದ ಮೂರು ಕಡೆ ಬಿಗಿದು ಕಟ್ಟಿ, ಬಾನೆಟ್ ಹಾಕಿ ಒಳಗೆ ಬಂದು ಕೂತಳು. ಅಕ್ಕ ಹೆಡ್‌ಲೈಟು ಹಾಕಿದಳು. ಮುಳ್ಳು ತನ್ನ ಜಾಗದಿಂದ ಕದಲಲಿಲ್ಲ.

ಡೇರಿ ತಲುಪಿದಾಗ ಯಜಮಾನಿ ಗೇಟಿನಲ್ಲೇ ನಿಂತಿದ್ದಳು. ಅಕ್ಕ ಅಂಗಿಯ ತೋಳು ಮಡಚಿ, ಭುಜದವರೆಗೆ ಸೋಪು ಹಚ್ಚಿಕೊಂಡು ಹಸುವಿನ ಹಿಂದೆ ಮಂಡಿಯೂರಿದಳು. ಕಣ್ಣು ಮುಚ್ಚಿ ಒಳಗೆಲ್ಲ ತಡಕಿದಳು. "ಇನ್ನೊಂದು ಕಾಲು ಮಡಚಿದೆ. ತಲೆ ಸರಿಯಾಗೇ ಇದೆ. ಜೀವ ಇದೆ," ಎಂದಳು. ಹಸು ತಿಣುಕಿದಾಗ ಕಾಯ್ದು, ಅದು ಉಸಿರು ಬಿಟ್ಟಾಗ ಕರುವನ್ನು ಹಿಂದಕ್ಕೆ ತಳ್ಳಿ, ಮಡಚಿದ ಗೊರಸನ್ನು ಅಂಗೈಯಲ್ಲಿ ಮುಚ್ಚಿಹಿಡಿದು ಮೆಲ್ಲಗೆ ಮುಂದೆ ತಂದಳು. ಇಪ್ಪತ್ತು ನಿಮಿಷ ಹಿಡಿಯಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಹಗ್ಗ ಹಾಕಿ, "ಅವಳು ತಿಣುಕಿದಾಗ ಮಾತ್ರ ಎಳೀಬೇಕು. ಈಗ!" ಎಂದಳು. ಯಜಮಾನಿಯೂ ತಂಗಿಯೂ ಕಾಲೂರಿ ಎಳೆದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ತಂಗಿಯೂ ಪಕ್ಕದಲ್ಲೇ ಬಿದ್ದಳು.

ಕರು ಅಲುಗಲಿಲ್ಲ. ಅಕ್ಕ ಅದರ ಬಾಯಿ ಒರೆಸಿ, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ, ಪಕ್ಕೆ ಉಜ್ಜಿದಳು. ಒಂದು ಸಲ, ಎರಡು ಸಲ. ಅದು ಸೀನಿತು. ಕಿವಿ ಕೊಡವಿ, ಎದುರಿಗೆ ಕೂತಿದ್ದ ತಂಗಿಯನ್ನು ಮೊದಲ ಸಲ ಪ್ರಪಂಚ ನೋಡುವವರ ಬೆರಗಿನಿಂದ ನೋಡಿತು.

ಅಕ್ಕ ನಲ್ಲಿಯ ಕೆಳಗೆ ಭುಜದವರೆಗೂ ಉಜ್ಜಿ ಕೈ ತೊಳೆದಳು. ಆಮೇಲೆ, "ಇನ್ನು ಹತ್ತು ನಿಮಿಷ ತಡ ಆಗಿದ್ರೆ ಮುಗೀತಿತ್ತು," ಎಂದಳು.

"ಹೂಂ."

"ನೀನು ಬಂದಾಗಿನಿಂದ ಮಹಡಿ ಮೇಲೆ ಒಬ್ಬಳೇ ಕೂತಿರ್ತೀಯ. ಕೆಲಸ ಹೋಯ್ತು ಅಂತ ಮನಸ್ಸಿಗೆ ಹಚ್ಕೊಂಡಿದ್ದೀಯೇನೋ ಅಂತ ನಾನು, ನಿಮ್ಮ ಭಾವ ಇಬ್ಬರೂ ಹೆದರಿಕೊಂಡಿದ್ವಿ."

"ನಾನು ನಿದ್ದೆ ಮಾಡ್ತಿದ್ದೆ ಅಕ್ಕ. ಮೂವತ್ತೊಂದು ವರ್ಷದ ನಿದ್ದೆ ಬಾಕಿ ಇತ್ತು."

ಅಕ್ಕ ಒದ್ದೆ ಕೈಯಲ್ಲೇ ಅವಳ ಬೆನ್ನಿಗೊಂದು ಏಟು ಕೊಟ್ಟಳು.

ಅಲ್ಲಿಂದ ಕಾರು ನೇರ ಗ್ಯಾರೇಜಿಗೆ ಹೋಯಿತು. ಬಾನೆಟ್ ಎತ್ತಿದ ಹೊಸದಪ್ಪ ಬ್ಯಾಂಡೇಜು ಕಟ್ಟಿದ ತಂತಿಯನ್ನು ನೋಡಿ, "ಏನ್ ಡಾಕ್ಟ್ರಮ್ಮ, ಗಾಡಿಗೂ ನೀವೇ ಪಟ್ಟಿ ಹಾಕಿದ್ರಾ?" ಎಂದ. ತಂಗಿ ಕಥೆಯನ್ನೆಲ್ಲ ಹೇಳಿದಳು. ಅವನ ಮುಖ ಗಂಟಿಕ್ಕಿತು.

"ಅರ್ಥಿಂಗ್ ಪಟ್ಟಿ ಇದೆಯಲ್ಲ ಮೇಡಮ್. ನಾನೇ ನೋಡಿದ್ದೀನಿ. ಎರಡೂ ಕಡೆ ಬೋಲ್ಟು ಬಿಗಿಯಾಗಿದೆ."

"ನೋಡೋಕೆ ಇದೆ. ಬಿಚ್ಚಿ ಕೈಗೆ ತಗೊಳ್ಳಿ."

ಅವನು ಕಾರಿನಡಿ ತೂರಿ, ಹೆಣೆದ ತಾಮ್ರದ ಆ ಪಟ್ಟಿಯನ್ನು ಬಿಚ್ಚಿ ತಂದ. ಮೇಲುನೋಟಕ್ಕೆ ಮಣ್ಣು ಹಿಡಿದಿತ್ತೇ ಹೊರತು ಸರಿಯಾಗಿಯೇ ಇತ್ತು. ಬೆರಳಲ್ಲಿ ಬಗ್ಗಿಸಿದ. ಬೋಲ್ಟು ಕೂರುವ ತುದಿಯ ಬಳೆಯೊಳಗಿಂದ ಕಿಲುಬಿನ ಹಸಿರು ಪುಡಿ ಉದುರಿ, ಪಟ್ಟಿ ಎರಡು ತುಂಡಾಗಿ ಅವನ ಅಂಗೈಯಲ್ಲಿ ಕೂತಿತು.

ಅವನು ಬೇಕಿದ್ದರೆ ನೂರು ನೆಪ ಹೇಳಬಹುದಿತ್ತು. ಹೇಳಲಿಲ್ಲ.

"ಕಣ್ಣಲ್ಲಿ ನೋಡಿದ್ದೆ ಮೇಡಮ್. ಅಳೆದು ನೋಡಲಿಲ್ಲ," ಎಂದ. ಆಮೇಲೆ, "ಆ ಮೀಟರ್ ಎಲ್ಲಿ ಇಟ್ರಿ, ಎಷ್ಟು ತೋರಿಸ್ತು, ಇನ್ನೊಂದ್ಸಲ ಹೇಳಿ," ಎಂದು ಕೈ ಒರೆಸಿಕೊಂಡು ಹತ್ತಿರ ಬಂದ. ತಂಗಿ ಹೇಳಿಕೊಟ್ಟಳು. ಅವನೇ ಹೊಸ ಪಟ್ಟಿ ಬಿಗಿದು, ಅವನೇ ಮೀಟರು ಹಿಡಿದು ಅಳೆದ. ಅಂಕಿ ಸೊನ್ನೆಯ ಹತ್ತಿರ ನಿಂತಾಗ ಅವನಿಗೂ ನಗು ಬಂತು.

ವಿಷಯ ಕೇಳಿದ ಭಾವ, "ಅಂತೂ ಕೊನೆಗೆ ಸರಿಯಾದ ಜಾಗಕ್ಕೆ ಹೊಸದು ಹಾಕಿದ," ಎಂದರು. ಆದರೆ ಅದೇ ಸಂಜೆ ಹೊಸದಪ್ಪ ಮನೆಗೇ ಬಂದ. ಒಂದು ಶಾಲೆಯ ವ್ಯಾನು ತಿಂಗಳಿಂದ ಅವನ ತಲೆ ತಿನ್ನುತ್ತಿತ್ತು. ಬ್ರೇಕು ಒತ್ತಿದರೆ ಒಳಗಿನ ದೀಪವೆಲ್ಲ ಹತ್ತಿಕೊಳ್ಳುತ್ತಿತ್ತಂತೆ. ಮೇಡಮ್ ಬಿಡುವಿದ್ದಾಗ ಬಂದು ನೋಡಬಹುದೇ?

"ಬರ್ತೀನಿ," ಎಂದಳು ತಂಗಿ. "ಆದ್ರೆ ನಾನು ಬರೋವರೆಗೆ ಅದಕ್ಕೆ ಏನೂ ಹೊಸದು ಹಾಕಕೂಡದು."

ಹಳೆ ಗಾಡಿ ಕೊಳ್ಳುವವನಿಗೆ ಬರಬೇಡವೆಂದು ಹೇಳುವುದನ್ನು ಈ ಗಡಿಬಿಡಿಯಲ್ಲಿ ಎಲ್ಲರೂ ಮರೆತರು. ಶನಿವಾರ ಬೆಳಗ್ಗೆ ಅವನು ದೊಡ್ಡ ಲಾರಿ ತಂದು ಬಾಗಿಲಲ್ಲಿ ನಿಲ್ಲಿಸಿದ ಹೊತ್ತಿಗೆ ಅಕ್ಕ ಒಂದು ಕುದುರೆ ನೋಡಲು ಹೊರಟಿದ್ದಳು. ಅವನ ಕಣ್ಣೆದುರೇ ಕಾರು ಒಂದೇ ಸದ್ದಿಗೆ ಎದ್ದು, ಲಾರಿಯನ್ನು ಬಳಸಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾಯಿತು.

"ಇದೇನ್ ಸಾರ್, ಕರೆಸಿ ಹೀಗೆ ಮಾಡ್ತೀರಿ?" ಎಂದ ಅವನು.

ಭಾವನಿಗೆ ಸಂಕೋಚವಾಯಿತು. ಅಷ್ಟು ದೂರದಿಂದ ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಅವನನ್ನು ಹಿತ್ತಲಿಗೆ ಕರೆದೊಯ್ದು, ಆರು ತಿಂಗಳಿಂದ ಮೂಲೆ ಸೇರಿದ್ದ ಬಟ್ಟೆ ಒಗೆಯುವ ಮೆಷಿನ್ನು ತೋರಿಸಿದರು. ಅವನೂ ಅವನ ಡ್ರೈವರೂ ಅದನ್ನೆತ್ತಿ ಲಾರಿಯ ಅಂಚಿಗೆ ತಂದಿಟ್ಟರು.

ಅಷ್ಟರಲ್ಲಿ ತಂಗಿ ತಲೆಗೆ ಟವೆಲು ಸುತ್ತಿಕೊಂಡೇ ಮಹಡಿಯಿಂದ ದಡದಡ ಇಳಿದು ಬಂದಳು.

"ಇಳಿಸಿ, ಇಳಿಸಿ! ಏನ್ ಭಾವ ನೀವು! ಅದನ್ನ ನಾನಿನ್ನೂ ಅಳೆದೇ ಇಲ್ಲ."